ಆಟದ ಯಂತ್ರದಲ್ಲಿ ಗಾಡಿ ಕಲಿಸಿದವರು

ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಗೆ ‘ನನಗೆ ದಾರಿ ತೋರಿದ ಗುರು’ ಎಂಬ ವಿಷಯದ ಮೇಲೆ ಬರೆದುಕೊಡಿ ಎಂದು ಕಾರ್ಯದರ್ಶಿಗಳು ಕೇಳಿದಾಗ ನನಗೆ ನೆನಪಾದದ್ದು ಒಬ್ಬರೇ. ಉಳಿದವರೆಲ್ಲ ತಮ್ಮ ಹೈಸ್ಕೂಲಿನ ಮಾಸ್ತರರ ಬಗ್ಗೆ, ಅವರ ಬಿಳಿ ಟೊಪ್ಪಿಗೆಯ ಬಗ್ಗೆ, ಬೆತ್ತದ ಹಿಂದಿದ್ದ ಪ್ರೀತಿಯ ಬಗ್ಗೆ ಬರೆಯುತ್ತಾರೆ ಎಂದು ನನಗೆ ಗೊತ್ತು. ಬರೆಯಲಿ. ನನ್ನ ಗುರುವಿನ ಬಗ್ಗೆ ನನಗೆ ಎಳ್ಳಷ್ಟೂ ಗೌರವವಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಪುಣ್ಯಕ್ಕೆ ಅವರು ಸತ್ತಿಲ್ಲ, ಡ್ರೈವಿಂಗ್ ಸ್ಕೂಲು ಮುಚ್ಚಿ ಶಿರೂರಿನಲ್ಲಿ ಮಗಳ ಮನೆಯಲ್ಲಿ ಗಟ್ಟಿಮುಟ್ಟಾಗಿದ್ದಾರೆ. ಹಾಗಾಗಿ ಮನಸ್ಸು ಬಿಚ್ಚಿ ಬರೆಯಬಹುದು. ಹೆಸರು ಮಾತ್ರ ಹಾಕುವುದಿಲ್ಲ. ಹಾಕಿದರೆ ಇದನ್ನೂ ಕತ್ತರಿಸಿ, ಕಟ್ಟು ಹಾಕಿಸಿ, ಗೋಡೆಗೆ ತೂಗುಹಾಕಿಕೊಳ್ಳುವ ಪೈಕಿ ಅವರು. ಉದ್ದಕ್ಕೂ ಬಹುವಚನ ಕೊಡುತ್ತಿದ್ದೇನೆ. ಅದು ನನ್ನ ತವರಿನ ಸಂಸ್ಕಾರ, ಅವರ ಯೋಗ್ಯತೆಯಲ್ಲ.

ನಾನು ಮರಾಠಿ ಸೀಮೆಯ ಈ ಭೋಸರಿಯಲ್ಲಿ ಜೋಳದ ರೊಟ್ಟಿ ಬಡಿದು ಮಾರುವವಳು. ಮದುವೆಯಾಗಿ ಧಾರವಾಡದಿಂದ ಇಲ್ಲಿಗೆ ಬಂದು ಇಪ್ಪತ್ತಾರು ವರ್ಷವಾಯಿತು. ನನ್ನ ಜೊತೆ ಮೂವರು ಹೆಂಗಸರು ಬಡಿಯುತ್ತಾರೆ. ಮೂವರ ಮನೆಯ ಒಲೆಯೂ ಅದರಿಂದಲೇ ಉರಿಯಬೇಕು. ಒಣಗಿಸಿದ ಕಟಿ ರೊಟ್ಟಿ, ಶೇಂಗಾ ಚಟ್ನಿಪುಡಿ ಎಲ್ಲ ವಾಕಡದ ಕಡೆ ಹೋಗುತ್ತದೆ. ಅಲ್ಲಿನ ಹಾಸ್ಟೆಲ್ಲುಗಳು, ಕುಂದಾಪುರದವರದೊಂದು ಹೋಟೆಲು ನಮ್ಮ ಖಾಯಂ ಗಿರಾಕಿಗಳು. ವ್ಯಾನು ಓಡಿಸುತ್ತಿದ್ದವರು ನಮ್ಮ ಮನೆಯವರು. ಅವರ ಕಣ್ಣಿನ ನರ ಸೊರಗಿ ಬದಿಯ ನೋಟ ಹೋಯಿತು. ಇನ್ನು ಸ್ಟೀರಿಂಗ್ ಮುಟ್ಟಬೇಡಿ ಎಂದು ಡಾಕ್ಟರು ಹೇಳಿಬಿಟ್ಟರು. ಸಂಬಳಕ್ಕಿಟ್ಟುಕೊಂಡ ಡ್ರೈವರು ಎರಡೇ ತಿಂಗಳಿಗೆ ಹೇಳದೆ ಕೇಳದೆ ನಾಪತ್ತೆಯಾದ. ರಿಕ್ಷಾದಲ್ಲಿ ಕಳಿಸಿದರೆ ರೊಟ್ಟಿ ಹೋಗಿ ಚೂರು ಮುಟ್ಟುತ್ತಿತ್ತು. ಎರಡು ಹಾಸ್ಟೆಲ್ಲಿನವರು ನಮ್ಮನ್ನು ಬಿಟ್ಟರು. ದೀಪಾವಳಿಯವರೆಗೆ ನೋಡೋಣ, ಆಮೇಲೆ ವ್ಯಾನು ಮಾರಿ ಎಲ್ಲ ಮುಗಿಸಿಬಿಡೋಣ ಎಂದು ಮನೆಯವರು ಹೇಳಿದಾಗ ಶ್ರಾವಣ ನಡೆದಿತ್ತು. ಸೈಕಲ್ಲನ್ನೂ ಸರಿಯಾಗಿ ಹೊಡೆಯದ ನಾನು ನಲವತ್ತೆಂಟನೆಯ ವಯಸ್ಸಿನಲ್ಲಿ ಡ್ರೈವಿಂಗ್ ಸ್ಕೂಲಿನ ಮೆಟ್ಟಿಲು ಹತ್ತಿದ್ದು ಹೀಗೆ.

ಮೆಟ್ಟಿಲು ಎಂದದ್ದು ಮಾತಿಗೆ. ಪಂಕ್ಚರ್ ಅಂಗಡಿಯ ಪಕ್ಕದ ಒಂದೇ ಕೋಣೆ ಅದು. ಸರ್ ಬಾಗಿಲಲ್ಲೇ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತಿರುತ್ತಿದ್ದರು. ಕುಳ್ಳಗಿನ ದೇಹ, ಮೆಹಂದಿ ಹಚ್ಚಿ ಕೆಂಪಾದ ಕೂದಲು, ಅಂಗಿಯ ಜೇಬಿನಲ್ಲಿ ಬಾಚಣಿಕೆ, ಕೈಯಲ್ಲಿ ಶಾಲೆಯ ಮಕ್ಕಳ ಫೂಟುಪಟ್ಟಿ. ನನ್ನ ಮರಾಠಿ ಕೇಳಿದ ಕೂಡಲೆ ಯಾವ ಊರು ಎಂದು ವಿಚಾರಿಸಿದರು. ಧಾರವಾಡ ಎಂದೆ. ತಾವು ಚಿಕ್ಕೋಡಿಯ ಕಡೆಯವರು, ಅಂದಮೇಲೆ ನಾವು ನಾವು ಒಂದೇ, ನಿಮಗೆ ವಿಶೇಷ ಗಮನ ಕೊಡುತ್ತೇನೆ ಎಂದರು. ಕೊಟ್ಟ ವಿಶೇಷ ಗಮನವೆಂದರೆ, ಉಳಿದವರನ್ನು ಮರಾಠಿಯಲ್ಲಿ ಬಯ್ಯುತ್ತಿದ್ದರು, ನನ್ನನ್ನು ಕನ್ನಡದಲ್ಲಿ.

ಕೋಣೆಯ ಒಳಗೆ ಆ ಯಂತ್ರವಿತ್ತು. ಯಾವುದೋ ಮಾಲಿನ ಆಟದ ಕೋಣೆ ಮುಚ್ಚಿದಾಗ ಗುಜರಿಗೆ ಬಿದ್ದಿದ್ದ ಕಾರ್ ರೇಸಿನ ಯಂತ್ರ. ಕುರ್ಚಿ, ಸ್ಟೀರಿಂಗ್, ಎರಡು ಪೆಡಲು, ಎದುರಿಗೆ ದೊಡ್ಡ ಪರದೆ. ಮೈಮೇಲಿದ್ದ ಬೆಂಕಿಯ ಜ್ವಾಲೆಗಳ ಚಿತ್ರಕ್ಕೆ ಬೂದು ಬಣ್ಣ ಬಳಿಸಿ, ನಾಣ್ಯ ಹಾಕುವ ಕಿಂಡಿಯ ಮೇಲೆ ಗಣಪತಿಯ ಸ್ಟಿಕ್ಕರ್ ಅಂಟಿಸಿ, ಮೇಲೆ ‘ಸಿಮ್ಯುಲೇಟರ್’ ಎಂದು ದಪ್ಪ ಅಕ್ಷರದಲ್ಲಿ ಬರೆಸಿದ್ದರು. ಪಾಠ ಶುರುವಾದಾಗಲೆಲ್ಲ ಯಂತ್ರದೊಳಗಿಂದ ಯಾರೋ ಇಂಗ್ಲಿಷಿನಲ್ಲಿ ‘ಗೋ’ ಎಂದು ಅರಚುತ್ತಿದ್ದರು. ಆ ದನಿ ಅಡಗಿಸಲು ಸ್ಪೀಕರಿನ ತೂತಿಗೆ ಬನಿಯನ್ ತುರುಕಿದ್ದರು. ಆದರೂ ಅದು ಬಾಯಿ ಮುಚ್ಚಿಸಿಕೊಂಡವನ ಹಾಗೆ ಒಳಗೊಳಗೇ ಅರಚುತ್ತಿತ್ತು. ವಿಮಾನ ಕಲಿಸುವುದೂ ಹೀಗೆಯೇ ಎಂದು ಸರ್ ಹೇಳಿದರು. ನಾನು ನಂಬಿದೆ. ಗರಜು ಇದ್ದವರಿಗೆ ಬುದ್ಧಿ ಇರುವುದಿಲ್ಲ.

ಇಪ್ಪತ್ತು ಪಾಠಗಳಲ್ಲಿ ಹನ್ನೆರಡು ಯಂತ್ರದ ಮೇಲೆ. ರಸ್ತೆಯ ಮೇಲೆ ಪೆಟ್ರೋಲು ಸುಡುತ್ತದೆ, ಯಂತ್ರಕ್ಕೆ ಒಂದು ಪ್ಲಗ್ ಸಾಕು.

ಆಟದ ಬಗ್ಗೆ ಸುಳ್ಳು ಹೇಳಲಾರೆ, ಆಟ ಚೆನ್ನಾಗಿತ್ತು. ಸಮುದ್ರದ ದಂಡೆಗುಂಟ ರಸ್ತೆ, ತೆಂಗಿನ ಮರ, ನೀಲಿ ಆಕಾಶ, ನನಗೊಂದು ಕೆಂಪು ಕಾರು. ತಿರುವಿನಲ್ಲಿ ಬ್ರೇಕ್ ಮುಟ್ಟಿ ಸ್ಟೀರಿಂಗ್ ಎಳೆದರೆ ಗಾಡಿಯ ಹಿಂಭಾಗ ಜಾರಿ, ಎಣ್ಣೆ ಸವರಿದ ಹಂಚಿನ ಮೇಲೆ ದೋಸೆ ಸರಿದ ಹಾಗೆ ಸರಿಯುತ್ತಿತ್ತು. ಸ್ಟೀರಿಂಗ್ ಅಂಗೈಗೆ ಒದೆಯುತ್ತಿತ್ತು. ಮನೆ, ಹಿಟ್ಟು, ಕಣ್ಣಿನ ಡಾಕ್ಟರು ಎಲ್ಲ ಮರೆತುಹೋಗುತ್ತಿದ್ದವು. ಮದುವೆಯಾದ ಮೇಲೆ ನಾನು ಆಟವೆಂದು ಆಡಿದ್ದು ಅದೊಂದನ್ನೇ. ಮತ್ತೊಂದು ಉಪಕಾರವೂ ಆಯಿತು. ಬಾನೆಟ್ಟು ನೋಡುತ್ತ ಕುಳಿತರೆ ಅಲ್ಲಿ ಗೋಡೆ ಗ್ಯಾರಂಟಿ, ದೂರದ ತಿರುವು ನೋಡಿದರೆ ಮಾತ್ರ ದಾರಿ ಸಿಗುತ್ತಿತ್ತು. ಇದೊಂದನ್ನು ಸರ್ ಕೂಡ ಫೂಟುಪಟ್ಟಿಯಿಂದ ಪರದೆ ಬಡಿಬಡಿದು ಹೇಳುತ್ತಿದ್ದರು: “ಗಾಡಿ ಕೈಯಿಂದ ಹೋಗೂದಿಲ್ರಿ ಅಕ್ಕಾರ, ಕಣ್ಣಿಂದ ಹೋಗ್ತದ. ನೀವು ಎಲ್ಲಿ ನೋಡ್ತೀರಿ, ಅಲ್ಲೇ ಹೋಗ್ತದ.” ಅವರ ಬಾಯಿಂದ ಬಂದ ಒಂದೇ ಒಂದು ನಿಜ ಮಾತು ಅದು. ಅದನ್ನೂ ಅವರಿಗೆ ಕಲಿಸಿದ್ದು ಆ ಯಂತ್ರವೇ ಇರಬೇಕು.

ಆದರೆ ಆಟದ ಕಾಟಗಳೂ ಇದ್ದವು. ಆ ಊರಿನಲ್ಲಿ ದನವಿಲ್ಲ, ಗುಂಡಿಯಿಲ್ಲ, ಎದುರಿನಿಂದ ಬರುವ ಒಂದು ರಿಕ್ಷಾ ಇಲ್ಲ. ಕ್ಲಚ್ಚಿಲ್ಲ, ಹಿಂದಕ್ಕೆ ಹೋಗುವ ಗೇರಿಲ್ಲ. ಗೋಡೆಗೆ ಗುದ್ದಿದರೆ ಕಿಡಿ ಹಾರುತ್ತದೆ ಅಷ್ಟೇ. ಆಕ್ಸಿಲರೇಟರ್ ಒತ್ತಿಯೇ ಇದ್ದರೆ ಗಾಡಿ ಗೋಡೆಗೆ ಮೈ ಉಜ್ಜುತ್ತ ಮುಂದೆ ಹೋಗುತ್ತದೆ. ಯಾರೂ ಸಾಯುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ಹೊಟ್ಟೆ ಉರಿಸುತ್ತಿದ್ದದ್ದು ಉಳಿದ ಏಳು ಗಾಡಿಗಳು. ನಾನು ಎಷ್ಟೇ ಮುಂದೆ ಹೋಗಲಿ, ಕೊನೆಯ ತಿರುವಿನ ಹೊತ್ತಿಗೆ ಅವು ಬೆನ್ನಿಗೆ ಬಂದಿರುತ್ತಿದ್ದವು. ಎರಡು ನಿಮಿಷ ತಪ್ಪಿಲ್ಲದೆ ಓಡಿಸಿದ್ದು ನೀರಿನಲ್ಲಿ ಹೋಮ. ಇದು ಮೋಸ ಎಂದೆ. ಗಾಡಿಯನ್ನು ಹದಕ್ಕೆ ತರಲಾರದವರು ಹೀಗೇ ಮಾತಾಡುವುದು ಎಂದು ಸರ್ ಅಡಿಕೆ ಅಗಿದರು.

ಅವರಿಗೆ ಆ ಯಂತ್ರದಲ್ಲಿ ಒಂದು ಸಿಂಹಾಸನವಿತ್ತು. ಎಲ್ಲಕ್ಕಿಂತ ಬೇಗ ಮುಗಿಸಿದ ಹತ್ತು ಜನರ ಪಟ್ಟಿ ಆಟದ ಕೊನೆಗೆ ಬರುತ್ತಿತ್ತು. ಹತ್ತೂ ಕಡೆ ಅವರ ಹೆಸರಿನ ಮೂರಕ್ಷರವೇ. ಕಲಿಯಲು ಬಂದ ಹೆದರುಪುಕ್ಕಲು ಹೆಂಗಸರ ನಡುವೆ ಮೊದಲ ನಂಬರು! ಹಾಳೂರಿಗೆ ಉಳಿದವನೇ ಗೌಡ. ಯಾರಾದರೂ ಅವರ ಸಮಯದ ಹತ್ತಿರ ಬಂದರೆ ಸರ್ ಎದ್ದು ಗೋಡೆಯ ಸ್ವಿಚ್ಚಿನ ಬಳಿ ನಿಲ್ಲುತ್ತಿದ್ದರು. ಕೊನೆಯ ತಿರುವಿನಲ್ಲಿ ಪರದೆ ಕಪ್ಪಾಗುತ್ತಿತ್ತು. ವೋಲ್ಟೇಜ್ ಸರಿ ಇಲ್ಲ ಎನ್ನುತ್ತಿದ್ದರು. ಫ್ಯಾನು ಮಾತ್ರ ತಿರುಗುತ್ತಲೇ ಇರುತ್ತಿತ್ತು. ಅರವತ್ತು ದಾಟಿದ ಮನುಷ್ಯ, ಆಟದ ನಂಬರಿಗಾಗಿ ಪ್ಲಗ್ ಕೀಳುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಆದರೂ ಈ ಎಲ್ಲವನ್ನೂ ನಾನು ಕ್ಷಮಿಸುತ್ತಿದ್ದೆ. ಕ್ಷಮಿಸದೆ ಇರುವುದು ರಸ್ತೆಯ ಪಾಠಗಳನ್ನು.

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಡೆಗೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತದೆ. ಅಪಾಯವಾದರೆ ಒತ್ತಲಿ ಎಂದು. ಸರ್ ಪಕ್ಕದಲ್ಲಿ ಕುಳಿತು, ನಾನು ಸ್ಟೀರಿಂಗ್ ಹಿಡಿದು ಹೊರಟರೆ ಗಾಡಿ ಬೆಣ್ಣೆಯ ಹಾಗೆ ಹೋಗುತ್ತಿತ್ತು. ಸಿಗ್ನಲ್ಲಿನಲ್ಲಿ ನಿಲ್ಲುತ್ತಿತ್ತು, ಮತ್ತೆ ಹೊರಡುತ್ತಿತ್ತು, ಒಮ್ಮೆಯೂ ಬಂದ್ ಬೀಳುತ್ತಿರಲಿಲ್ಲ. ನನಗೆ ದೈವದತ್ತ ಕಲೆಯೇ ಇದೆ ಎಂದುಕೊಂಡೆ. ಸಂಜೆ ಮನೆಯಲ್ಲಿ ಕೊಚ್ಚಿಕೊಂಡೆ. ಹಿಟ್ಟು ನಾದುತ್ತಿದ್ದ ಮೂವರಿಗೂ ಇನ್ನು ಚಿಂತೆ ಬಿಡಿ ಎಂದೆ. ಐದನೆಯ ಪಾಠದಲ್ಲಿ ನನ್ನ ಚಪ್ಪಲಿ ಜಾರಿತು, ಕಾಲು ಪೆಡಲಿನ ಮೇಲಿರಲಿಲ್ಲ. ಗಾಡಿ ಆದರೂ ಸಿಗ್ನಲ್ಲಿನಲ್ಲಿ ನಾಜೂಕಾಗಿ ನಿಂತಿತು. ಬಗ್ಗಿ ನೋಡಿದೆ. ಸರ್ ಕಾಲುಗಳು ಹೊಲಿಗೆ ಯಂತ್ರ ತುಳಿಯುವ ಹಾಗೆ ಕೆಲಸ ಮಾಡುತ್ತಿದ್ದವು. ಇಷ್ಟು ದಿನ ನಾನು ಸ್ಟೀರಿಂಗ್ ಹಿಡಿದುಕೊಂಡು ಕುಳಿತಿದ್ದ ಪ್ರಯಾಣಿಕಳು. ಯಂತ್ರವಾದರೂ ಮೇಲು, ಅಲ್ಲಿ ಗುದ್ದಿದ್ದೆಲ್ಲ ನಾನೇ ಗುದ್ದಿದ್ದು. ಕಾಲು ತೆಗೆಯಿರಿ ಎಂದು ಕೇಳಿದೆ. ಇದು ಹೊಸಬರ ಒಳ್ಳೆಯದಕ್ಕೇ, ಲೈಸೆನ್ಸ್ ಬಂದ ಮೇಲೆ ತಾನಾಗಿ ಬರುತ್ತದೆ ಎಂದರು. ಅಡುಗೆ ಕಲಿಯದೆ ಹೋಟೆಲು ತೆಗೆದ ಹಾಗೆ.

ಪರೀಕ್ಷೆಯ ದಿನ ಸರ್ ಪಕ್ಕದಲ್ಲಿ ಕುಳಿತು ತುಳಿಯುವ ಲೆಕ್ಕದಲ್ಲೇ ಇದ್ದರು. ಇನ್‌ಸ್ಪೆಕ್ಟರು ಅವರನ್ನು ಕೆಳಗಿಳಿಸಿ, ತಾವು ಕುಳಿತುಕೊಂಡು, ಕಾಲು ಹಿಂದಕ್ಕೆ ಎಳೆದುಕೊಂಡರು. ಮೂರು ಸಲ ಗಾಡಿ ಬಂದ್ ಬಿತ್ತು. ನಾಲ್ಕನೆಯ ಸಲ ಹೊರಟಿತು, ಮೊದಲ ತಿರುವಿನಲ್ಲೇ ಕಂಬಕ್ಕೆ ತಾಗಿತು. ಆಗ ನಾನು ಮಾಡಿದ್ದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಹನ್ನೆರಡು ಪಾಠದ ಅಭ್ಯಾಸ. ಕಂಬಕ್ಕೆ ತಾಗಿದ ಗಾಡಿಯನ್ನು ನಿಲ್ಲಿಸಲಿಲ್ಲ, ಆಕ್ಸಿಲರೇಟರ್ ಒತ್ತಿದೆ, ಉಜ್ಜಿಕೊಂಡು ಮುಂದೆ ಹೋಗುತ್ತದೆ ಎಂದು. ಕಂಬ ಮಲಗಿತು. ಕಾರಿನ ಕನ್ನಡಿ ಕಿತ್ತು ಬಂತು. ಯಾರ ಹತ್ತಿರ ಕಲಿತಿರಿ ಅಕ್ಕಾ ಎಂದು ಇನ್‌ಸ್ಪೆಕ್ಟರು ಮರಾಠಿಯಲ್ಲಿ, ಬಯ್ಯದೆ, ಮೆಲ್ಲಗೆ ಕೇಳಿದರು. ನಾನು ಸರ್ ಇದ್ದ ಕಡೆ ತೋರಿಸಿದೆ. ಬೇವಿನ ಮರದ ಕೆಳಗೆ ನಿಂತಿದ್ದ ಸರ್ ನಮ್ಮ ಕಡೆ ಬೆನ್ನು ತಿರುಗಿಸಿ, ಜೇಬಿನಿಂದ ಬಾಚಣಿಕೆ ತೆಗೆದು, ತಲೆ ಬಾಚಿಕೊಳ್ಳತೊಡಗಿದರು. ನನ್ನನ್ನು ಹುಟ್ಟಿದಾರಭ್ಯ ಕಂಡೇ ಇಲ್ಲದವರ ಹಾಗೆ.

ಆ ಬೆನ್ನನ್ನು ನಾನು ಮರೆತಿಲ್ಲ.

ದೀಪಾವಳಿಗೆ ಇಪ್ಪತ್ತೊಂದು ದಿನ ಉಳಿದಿತ್ತು. ವ್ಯಾನಿಗೆ ಗಿರಾಕಿಯೊಬ್ಬ ಬಂದು ನೋಡಿಕೊಂಡು ಹೋಗಿದ್ದ. ಮೂವರು ಹೆಂಗಸರಲ್ಲಿ ಒಬ್ಬಳು ಬೇರೆ ಕಡೆ ಕೆಲಸ ಕೇಳಿಟ್ಟಿದ್ದಳು, ನನಗೆ ಹೇಳಿರಲಿಲ್ಲ. ಮರುದಿನ ಬೆಳಗ್ಗೆ ನಾನು ಸ್ಕೂಲಿಗೆ ಹೋಗಿ ಸರ್ ಎದುರಿಗೆ ನಿಂತೆ. ಹಿಂದಿನ ದಿನದ ಬಗ್ಗೆ ಅವರು ಹೇಳಿದ್ದು ಇಷ್ಟೇ, ನಿಮ್ಮ ನೋಟ ತಪ್ಪಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ಇಲ್ಲಿ ಕುಣಿಸಲಾರದವರೇ ಅಂದರು. ಜಗಳವಾಡಿ ಪ್ರಯೋಜನವಿರಲಿಲ್ಲ. ಅವರಿಗೆ ನೋವಾಗುವ ಜಾಗ ಒಂದೇ ಎಂದು ನನಗೆ ಗೊತ್ತಿತ್ತು.

“ಸರ, ನಿಮ್ಮ ನಂಬರ ನಾ ಮುರದ್ರ, ರಸ್ತೆ ಮ್ಯಾಲೆ ಒಂದು ತಾಸು ನೀವು ಕಾಲು ಮ್ಯಾಲೆ ತಗೊಂಡು ಕೂಡಬೇಕು” ಎಂದೆ.

ಅವರು ನಕ್ಕರು. ಸರದಿಗಾಗಿ ಕಾದು ಕುಳಿತಿದ್ದ ಮರಾಠಿ ನರ್ಸ್ ಒಬ್ಬಳ ಕಡೆ ತಿರುಗಿ, ಪಂದ್ಯವನ್ನು ಮರಾಠಿಯಲ್ಲಿ ಹೇಳಿ, ನೋಡಿ ಇವರ ಧೈರ್ಯ ಎಂದು ನಕ್ಕರು. ಆಗಲಿ ಎಂದರು.

ಸರ್ ಆಡುವ ಕ್ರಮ ನನಗೆ ಬಾಯಿಪಾಠವಾಗಿತ್ತು. ‘ಗೋ’ ಎಂದ ಕೂಡಲೆ ಎಲ್ಲರನ್ನೂ ಗುದ್ದಿ ಮುಂದೆ ಹೋಗುವುದು, ಕೊನೆಯವರೆಗೆ ಬೆನ್ನಿಗೆ ಬಂದವರ ಜೊತೆ ಗುದ್ದಾಡುವುದು. ಆದರೆ ಯಾವುದೇ ಗಾಡಿಯ ಬೆನ್ನಿಗೆ ಅಂಟಿಕೊಂಡು ಹೋದರೆ ನಮ್ಮ ವೇಗ ತಾನಾಗಿ ಏರುತ್ತದೆ ಎಂದು ನಾನು ಗಮನಿಸಿದ್ದೆ. ಮುಂದಿದ್ದವನನ್ನೇ ಎಲ್ಲರೂ ಹಿಡಿಯಲು ಬರುವುದು. ಎರಡನೆಯವಳನ್ನು ಯಾರೂ ಕೇಳುವುದಿಲ್ಲ. ಇಷ್ಟು ವರ್ಷ ಸೊಸೆಯಾಗಿದ್ದವಳಿಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ. ದಾರಿಯುದ್ದಕ್ಕೂ ನೀಲಿ ಗಾಡಿಯೊಂದರ ಬೆನ್ನು ಬಿಡದೆ ಹೋದೆ. ಕೊನೆಯ ತಿರುವು ಬಂತು. ಸರ್ ಎದ್ದ ಸಪ್ಪಳ ಕೇಳಿಸಿತು. ಆಗ, ವೋಲ್ಟೇಜಿನ ಕಥೆ ತಾನೂ ಕಂಡಿದ್ದ ನರ್ಸ್ ಹೋಗಿ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತು, ಸರ್ ನೀವು ಕೂತುಕೊಳ್ಳಿ ಎಂದಳು. ಆಸ್ಪತ್ರೆಯಲ್ಲಿ ಹಟಮಾರಿ ರೋಗಿಗಳಿಗೆ ಹೇಳುವ ದನಿಯಲ್ಲೇ ಹೇಳಿರಬೇಕು, ಸರ್ ಕೂತರು. ನಾನು ಒಳಬದಿಯಿಂದ ಜಾರಿ ಮುಂದೆ ಹೋದೆ. ಪಟ್ಟಿಯ ತುದಿಯಲ್ಲಿ ನನ್ನ ಹೆಸರಿನ ಮೂರಕ್ಷರ ಮಿನುಗಿತು.

ಸರ್ ಮಾತು ಉಳಿಸಿಕೊಂಡರು ಎಂದು ಬರೆದರೆ ಅವರನ್ನು ಹೊಗಳಿದಂತಾಗುತ್ತದೆ. ನರ್ಸ್ ಹಿಂದಿನ ಸೀಟಿನಲ್ಲಿ ಬಂದು ಕುಳಿತಿದ್ದಳು, ಬೇರೆ ದಾರಿಯಿರಲಿಲ್ಲ. ಸರ್ ಚಪ್ಪಲಿ ಬಿಟ್ಟು, ಊಟಕ್ಕೆ ಕೂತವರ ಹಾಗೆ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡರು. ಹೊರಡುವಾಗ ಗಾಡಿ ಐದು ಸಲ ಬಂದ್ ಬಿತ್ತು. ಆರನೆಯ ಸಲಕ್ಕೆ ಕ್ಲಚ್ಚು ಎಲ್ಲಿ ಹಿಡಿಯುತ್ತದೆ ಎಂದು ನನ್ನ ಪಾದಕ್ಕೇ ತಿಳಿಯಿತು. ಎಂಥ ಸಣ್ಣ ಸಂಗತಿ, ಒಂದು ನಡುಕ ಅಷ್ಟೇ. ಅದನ್ನು ಅವರು ಎರಡು ತಿಂಗಳು ನನ್ನಿಂದ ಬಚ್ಚಿಟ್ಟಿದ್ದರು. ಕಾರ್ಖಾನೆಗಳ ರಸ್ತೆಗೆ ಬಂದೆವು. ಒಂದು ಗೇಟಿನಲ್ಲಿ ಪಾಳಿ ಬಿಟ್ಟಿತ್ತು, ಡಬ್ಬಿ ಹಿಡಿದ ಜನ ಹಿಂಡು ಹಿಂಡಾಗಿ ರಸ್ತೆಗೆ ಇಳಿದರು. ಮುಂದಿದ್ದ ಟೆಂಪೊ ಇದ್ದಕ್ಕಿದ್ದಂತೆ ನಿಂತಿತು. ನಾನು ಬ್ರೇಕ್ ಒತ್ತಿದೆ. ಗಾಡಿ ಮುಗ್ಗರಿಸಿ, ಟೆಂಪೊದ ಹಿಂಬಾಗಿಲಿಗೆ ಒಂದು ಗೇಣು ಉಳಿದಾಗ ನಿಂತಿತು. ಪಕ್ಕಕ್ಕೆ ತಿರುಗಿ ನೋಡಿದೆ. ಸರ್ ಎರಡೂ ಕಣ್ಣು ಮುಚ್ಚಿಕೊಂಡಿದ್ದರು.

“ನಾ ಒತ್ತಿಲ್ಲ” ಎಂದರು, ಕಣ್ಣು ತೆಗೆಯದೆ. ಆಮೇಲೆ ಕಣ್ಣು ತೆಗೆದು ಇನ್ನೊಮ್ಮೆ ಅದನ್ನೇ ಅಂದರು.

ಗಾಡಿಯನ್ನು ಬದಿಗೆ ಹಾಕಿಸಿ, ಇಳಿದು, ಕಟ್ಟೆಯ ಮೇಲೆ ಕುಳಿತು ನೀರು ಕುಡಿದರು. ಇಷ್ಟು ವರ್ಷದಲ್ಲಿ ತಮ್ಮ ಕಾಲಿಲ್ಲದೆ ಆ ಗಾಡಿಯನ್ನು ಯಾರೂ ಓಡಿಸಿದ್ದೇ ಇಲ್ಲ, ಬಿಟ್ಟುಕೊಡಲು ತಮಗೆ ಧೈರ್ಯವಾಗುವುದಿಲ್ಲ ಎಂದು ಮೊದಲ ಸಲ ನೆಟ್ಟಗೆ ಹೇಳಿದರು. ಆ ಕ್ಷಣ ನನಗೆ ಅವರ ಮೇಲೆ ಕನಿಕರ ಬಂದದ್ದು ನಿಜ. ಆಮೇಲೆ ನನ್ನ ಮುಖ ನೋಡಿ ಕೇಳಿದರು.

“ಅಂಜಿಕಿ ಬರಲಿಲ್ಲೇನ್ರಿ ನಿಮಗ?”

“ಬಂತ್ರಿ ಸರ. ಅಂಜಿಕಿ ಬಂದಿದ್ದಕ್ಕಽ ಒತ್ತಿದೆ.”

ಹನ್ನೆರಡು ಪಾಠದಲ್ಲಿ ಒಮ್ಮೆಯೂ ಆ ಯಂತ್ರ ನನ್ನನ್ನು ಹೆದರಿಸಿರಲಿಲ್ಲ. ಎಂಟು ಪಾಠದಲ್ಲಿ ಈ ಮನುಷ್ಯ ನನಗೆ ಹೆದರಲು ಬಿಟ್ಟಿರಲಿಲ್ಲ.

ನನ್ನ ಕನಿಕರ ಬಾಳಿದ್ದು ಎರಡು ದಿನ. ಮೂರನೆಯ ದಿನ ಹೋದಾಗ ಸರ್ ಹೊಸ ಬ್ಯಾಚಿನ ಎದುರು ಫೂಟುಪಟ್ಟಿ ಆಡಿಸುತ್ತ, ಭಯವಾದರೆ ಮಾತ್ರ ಬ್ರೇಕ್ ಬೀಳುತ್ತದೆ, ಇದು ನನ್ನ ಅನುಭವದ ಮಾತು ಎಂದು ಮರಾಠಿಯಲ್ಲಿ ಬೋಧಿಸುತ್ತಿದ್ದರು. ಆ ಮಾತು ಆಮೇಲೆ ಗೋಡೆಯ ಮೇಲೂ ಬಂತು, ಕೆಳಗೆ ಅವರ ಹೆಸರಿನೊಂದಿಗೆ. ಪಟ್ಟಿಯ ತುದಿಯಲ್ಲಿದ್ದ ನನ್ನ ಮೂರಕ್ಷರ ಅಷ್ಟರಲ್ಲಿ ಮಾಯವಾಗಿತ್ತು. ವೋಲ್ಟೇಜ್ ಇರಬೇಕು.

ಉಳಿದ ಅಭ್ಯಾಸವನ್ನು ನಾನು ನಮ್ಮ ವ್ಯಾನಿನಲ್ಲೇ ಮಾಡಿದೆ, ಪಕ್ಕದ ಓಣಿಯ ಡ್ರೈವರೊಬ್ಬರನ್ನು ಕೂರಿಸಿಕೊಂಡು. ಅವರ ಕಡೆ ಪೆಡಲುಗಳಿರಲಿಲ್ಲ, ಬಾಯಿ ಇತ್ತು. ಸಾಕಾಯಿತು. ದೀಪಾವಳಿಗೆ ನಾಲ್ಕು ದಿನವಿರುವಾಗ ಪಾಸಾದೆ. ನೋಡಿ ಹೋದ ಗಿರಾಕಿಗೆ ಮನೆಯವರು ತಾವೇ ಫೋನು ಮಾಡಿ ವ್ಯಾನು ಕೊಡುವುದಿಲ್ಲ ಎಂದರು. ನರಕ ಚತುರ್ದಶಿಯ ಬೆಳಗ್ಗೆ ನಾನೇ ವಾಕಡಕ್ಕೆ ರೊಟ್ಟಿ ಒಯ್ದೆ. ಒಂದೂ ಮುರಿಯಲಿಲ್ಲ. ಬೇರೆ ಕಡೆ ಕೆಲಸ ಕೇಳಿದ್ದವಳು ಆ ದಿನ ನಾಚಿಕೊಂಡು, ನಾನು ಬೇಡವೆಂದರೂ ಎರಡು ಕೆ.ಜಿ. ಹೆಚ್ಚಿಗೆ ನಾದಿದಳು.

ಸರ್ ಸ್ಕೂಲು ಮುಚ್ಚುವ ಕೆಲವು ತಿಂಗಳ ಮೊದಲು ಅವರನ್ನು ಕೊನೆಯ ಸಲ ನೋಡಿದೆ. ಸಿಗ್ನಲ್ಲಿನಲ್ಲಿ ನನ್ನ ವ್ಯಾನಿನ ಬಲಕ್ಕೆ ಅವರ ಕಾರು ಬಂದು ನಿಂತಿತು. ಸ್ಟೀರಿಂಗ್ ಹಿಡಿದವಳು ನನ್ನ ವಯಸ್ಸಿನ ಹೆಂಗಸು, ಬಟ್ಟೆ ಕಾರ್ಖಾನೆಯ ಏಪ್ರನ್ ತೊಟ್ಟಿದ್ದಳು. ಗಾಡಿ ನಾಜೂಕಾಗಿ ನಿಂತದ್ದಕ್ಕೆ ಅವಳ ಮುಖದಲ್ಲಿ ಬೆಳಕಿತ್ತು. ಆ ಬೆಳಕು ನನಗೆ ಗೊತ್ತು. ನನ್ನ ಸೀಟು ಎತ್ತರ, ಸರ್ ಕುಳಿತದ್ದು ನನ್ನ ಕಡೆಗೇ. ಕೆಳಗೆ ನೋಡಿದರೆ ಎರಡೂ ಕಾಲು ಪೆಡಲಿನ ಮೇಲೆ. ಸರ್ ನನ್ನನ್ನು ನೋಡಿದರು, ಕೂಡಲೆ ನೆಟ್ಟಗೆ ಮುಂದೆ ನೋಡತೊಡಗಿದರು.

ನಾನು ಕಿಟಕಿಯಿಂದ ಬಗ್ಗಿ, ಅವರ ತಲೆಯ ಮೇಲಿಂದ, ಅವಳಿಗೆ ಮರಾಠಿಯಲ್ಲಿ ಹೇಳಿದೆ, ಅಕ್ಕಾ, ಸರ್‌ಗೆ ಕಾಲು ಮೇಲೆ ತೆಗೆದುಕೊಳ್ಳಲು ಹೇಳಿ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಬಗ್ಗಿ ನೋಡಿದಳು. ತುಂಬ ಹೊತ್ತು ನೋಡಿದಳು. ಅವಳ ಮುಖದ ಬೆಳಕು ಹೋಯಿತು, ಬೇರೇನೋ ಬಂತು. ಏನೋ ಅಂದಳು, ನನಗೆ ಕೇಳಿಸಲಿಲ್ಲ. ಸರ್ ಮೆಲ್ಲಗೆ ಒಂದು ಕಾಲು ತೆಗೆದರು, ಆಮೇಲೆ ಇನ್ನೊಂದು. ಹಸಿರು ದೀಪ ಬಿತ್ತು. ಕಾರು ಎರಡು ಸಲ ಕುಪ್ಪಳಿಸಿ ರಸ್ತೆಯ ನಡುವೆ ಬಂದ್ ಬಿತ್ತು. ಹಿಂದಿದ್ದವರೆಲ್ಲ ಹಾರ್ನ್ ಬಾರಿಸತೊಡಗಿದರು. ಅವಳು ಯಾರ ಕಡೆಯೂ ನೋಡದೆ ಮತ್ತೆ ಚಾವಿ ತಿರುಗಿಸಿದಳು. ಆ ತಪ್ಪು ಮಾತ್ರ ಪೂರ್ತಿ ಅವಳದೇ ಆಗಿತ್ತು.